ದಂಡು ಹಾದ ದಾರಿ: 1790–92ರ ಯುದ್ಧ ಮತ್ತು ಕನ್ನಡ ನಾಡಿನ ಹಳ್ಳಿಗಳು

ಕನ್ನಡ ಜನಪದ ಸಾಹಿತ್ಯದಲ್ಲಿ ಯುದ್ಧದ ಹಾಡುಗಳಿಗೆ ಕೊರತೆಯಿಲ್ಲ. ಧಾರವಾಡ–ಬೆಳಗಾವಿ ಭಾಗದ ಲಾವಣಿಗಳನ್ನು ಜೆ. ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಪ್ರಕಟಿಸತೊಡಗಿದಾಗ ಸಂಗೊಳ್ಳಿ ರಾಯಣ್ಣನ ಬಂಡಾಯ, ಹಲಗಲಿಯ ಬೇಡರ ದಂಗೆಗಳ ಹಾಡುಗಳು ಅವುಗಳಲ್ಲಿ ಎದ್ದು ಕಂಡವು. ಹಳೆಯ ಮೈಸೂರು ಭಾಗದಲ್ಲಿ ಟೀಪು ಸುಲ್ತಾನನ ಲಾವಣಿಗಳು ಇಪ್ಪತ್ತನೆಯ ಶತಮಾನದಲ್ಲಿಯೂ ಜಾತ್ರೆ, ಸಂತೆಗಳಲ್ಲಿ ಕೇಳಿಬರುತ್ತಿದ್ದವು. ಚಿತ್ರದುರ್ಗದ ಮದಕರಿ ನಾಯಕ, ಒನಕೆ ಓಬವ್ವರ ಕಥನಗಳು ಪಠ್ಯಪುಸ್ತಕಗಳವರೆಗೂ ಬಂದಿವೆ. ಈ ಕಥನಗಳ ಕಣ್ಣು ನೆಟ್ಟಿರುವುದು ಕೋಟೆಯ ಮೇಲೆ. ಮುತ್ತಿಗೆ, ದ್ರೋಹ, ಕಿಂಡಿ, ಕಳ್ಳದಾರಿ, ವೀರಮರಣ ಇವೇ ಅವುಗಳ ಘಟ್ಟಗಳು. ಕೋಟೆಯನ್ನು ಮುತ್ತಲು ಬಂದ ದಂಡು ಅಲ್ಲಿಗೆ ಬರುವ ಮೊದಲು ಎಷ್ಟು ಊರುಗಳನ್ನು ಹಾದು ಬಂದಿತು, ಆ ಊರುಗಳಲ್ಲಿ ಏನನ್ನು ಉಳಿಸಿಹೋಯಿತು ಎಂಬುದು ಲಾವಣಿಕಾರನ ಹಾಡಿಗೆ ದಕ್ಕಿದ ವಸ್ತುವಲ್ಲ. ಹಾಗೆಂದು ಆ ನೆನಪೇ ಅಳಿದುಹೋಗಿದೆ ಎನ್ನುವಂತಿಲ್ಲ. ಅದು ಹಾಡನ್ನು ಬಿಟ್ಟು ಬೇರೆ ಕಡೆಗಳಲ್ಲಿ ನೆಲೆ ಪಡೆದಿದೆ: ಗಾದೆಯಲ್ಲಿ, ದೇವತೆಯ ಹೆಸರಿನಲ್ಲಿ, ಬರಗಾಲದ ಹೆಸರಿನಲ್ಲಿ, ಕಂದಾಯದ ಕಡತದ ಒಂದು ಪದದಲ್ಲಿ. ಮೂರನೆಯ ಮೈಸೂರು ಯುದ್ಧದ ಕಾಲದ ಹಳ್ಳಿಗಾಡನ್ನು ಮುಂದಿಟ್ಟುಕೊಂಡು ಈ ನೆಲೆಗಳನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಯುದ್ಧವನ್ನೇ ಆಯ್ದುಕೊಳ್ಳಲು ಕಾರಣವಿದೆ. 1790ರಲ್ಲಿ ಪೇಶ್ವೆ, ನಿಜಾಮ ಮತ್ತು ಈಸ್ಟ್ ಇಂಡಿಯಾ ಕಂಪನಿ ಟೀಪುವಿನ ವಿರುದ್ಧ ಒಪ್ಪಂದ ಮಾಡಿಕೊಂಡ ಮೇಲೆ ಇಂದಿನ ಕರ್ನಾಟಕದ ಬಹುಭಾಗದಲ್ಲಿ ಏಕಕಾಲಕ್ಕೆ ನಾಲ್ಕು ಸೈನ್ಯಗಳು ಓಡಾಡಿದವು. ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡು ಕೃಷ್ಣೆಯನ್ನು ದಾಟಿ 1790ರ ಸೆಪ್ಟೆಂಬರಿನಲ್ಲಿ ಧಾರವಾಡವನ್ನು ಮುತ್ತಿತು; ಬದ್ರುಜ್ಜಮಾನ್ ಖಾನನ ರಕ್ಷಣೆಯಲ್ಲಿದ್ದ ಆ ಕೋಟೆ 1791ರ ಏಪ್ರಿಲ್‍ವರೆಗೆ ಬಗ್ಗಲಿಲ್ಲ. ನಿಜಾಮನ ಸೈನ್ಯ ಅದೇ ಅವಧಿಯಲ್ಲಿ ಕೊಪ್ಪಳದ ಮುಂದೆ ತಿಂಗಳುಗಟ್ಟಲೆ ಕುಳಿತಿತ್ತು. ಕಾರ್ನವಾಲಿಸನ ಸೈನ್ಯ ಪೂರ್ವದಿಂದ ಘಟ್ಟವನ್ನೇರಿ 1791ರ ಮಾರ್ಚಿನಲ್ಲಿ ಬೆಂಗಳೂರನ್ನು ಹಿಡಿಯಿತು. ಇವುಗಳ ನಡುವೆ ಮೈಸೂರಿನ ದಂಡು ಇತ್ತು. 1792ರ ಮಾರ್ಚಿನ ಶ್ರೀರಂಗಪಟ್ಟಣದ ಒಪ್ಪಂದದವರೆಗೆ, ಎಂದರೆ ಸುಮಾರು ಒಂದೂವರೆ ವರ್ಷ, ಬೆಳವಲದಿಂದ ಕಾವೇರಿಯ ದಡದವರೆಗಿನ ನೆಲ ಈ ನಾಲ್ವರಿಗೂ ಉಣಿಸಬೇಕಾಯಿತು. ಇದೇ ಅವಧಿಯಲ್ಲಿ ಮಳೆ ಕೈಕೊಟ್ಟಿತು.

ಯುದ್ಧದಲ್ಲಿ ಹಳ್ಳಿ ಹಾಳಾಗುವುದು ಹದಿನೆಂಟನೆಯ ಶತಮಾನದ ಹೊಸ ಸಂಗತಿಯೇನಲ್ಲ. ವೀರಗಲ್ಲುಗಳಲ್ಲಿ ‘ತುರುಗೋಳ್’, ‘ಊರಳಿವು’, ‘ಪೆಣ್ಬುಯ್ಯಲ್’ ಎಂಬ ಪದಗಳು ಮತ್ತೆ ಮತ್ತೆ ಕಾಣಿಸುತ್ತವೆ. ದನಗಳನ್ನು ಹೊಡೆದುಕೊಂಡು ಹೋಗುವುದು, ಊರನ್ನು ಹಾಳುಗೆಡಹುವುದು, ಹೆಂಗಸರ ಮೊರೆ ಎಂಬಷ್ಟು ಸ್ಪಷ್ಟವಾದ ವಿಂಗಡಣೆ ಆ ಕಾಲಕ್ಕೇ ಭಾಷೆಯಲ್ಲಿ ಸಿದ್ಧವಾಗಿತ್ತು. ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ ಚೋಳರ ದಂಡು ನಾಡನ್ನು ಸೂರೆಗೊಂಡದ್ದನ್ನೂ ಹೆಂಗಸರು, ಮಕ್ಕಳನ್ನು ಕೊಂದದ್ದನ್ನೂ ಹೇಳುತ್ತದೆ. ದಂಡಿನ ಸಂಖ್ಯೆಯನ್ನು ಒಂಬತ್ತು ಲಕ್ಷ ಎಂದು ಕೊಡುತ್ತದೆ. ಸಂಖ್ಯೆ ಅತಿಶಯದ್ದೆಂಬುದರಲ್ಲಿ ಅನುಮಾನವಿಲ್ಲ. ಶಾಸನ ಬರೆಸಿದವರು ಎದುರು ಪಕ್ಷದವರೆಂಬುದನ್ನೂ ಮರೆಯಲಾಗದು. ಆದರೆ ಸೈನ್ಯದ ಕೃತ್ಯವನ್ನು ಅಳೆಯಲು ಊರಿನ ಅಳಿವನ್ನೇ ಮಾನದಂಡವಾಗಿ ಹಿಡಿದ ಶಾಸನವೊಂದು ಇದೆ ಎಂಬುದು ಲಾವಣಿಯ ಹಿನ್ನೆಲೆಯಲ್ಲಿ ಗಮನಾರ್ಹ. ವೀರಗಲ್ಲಿನ ಸತ್ತವನು ಬಹುಮಟ್ಟಿಗೆ ಊರಿನವನೇ, ಊರ ದನಕ್ಕಾಗಿಯೇ ಸತ್ತವನು. ಲಾವಣಿಯ ನಾಯಕ ಸಾಯುವುದು ಕೋಟೆಗಾಗಿ, ನಾಡಿಗಾಗಿ.

ದಂಡಿನ ಹಸಿವು

ಆ ಕಾಲದ ಸೈನ್ಯವನ್ನು ಕಾದಾಳುಗಳ ಗುಂಪು ಎಂದು ತಿಳಿದರೆ ಹಳ್ಳಿಯ ಅನುಭವ ಅರ್ಥವಾಗುವುದಿಲ್ಲ. ಅದು ನಡೆದಾಡುವ ಒಂದು ಪಟ್ಟಣ. ಕಾದುವವರಿಗಿಂತ ಹಲವು ಪಟ್ಟು ಹೆಚ್ಚಾಗಿ ಅಂಗಡಿಕಾರರು, ಹುಲ್ಲು ಕೊಯ್ಯುವವರು, ಹಮಾಲರು, ಸಂಸಾರಗಳು, ಇವರೆಲ್ಲರಿಗಿಂತ ಹೆಚ್ಚಾಗಿ ಎತ್ತುಗಳು ಅದರ ಹಿಂದೆ ಸಾಗುತ್ತಿದ್ದವು. ಒಂದು ದೊಡ್ಡ ಫಿರಂಗಿಯನ್ನು ಎಳೆಯಲು ಹತ್ತಾರು ಜೋಡಿ ಎತ್ತು ಬೇಕು. ಆ ಎತ್ತುಗಳಿಗೆ ಮೇವು ಬೇಕು. ಮೇವನ್ನು ಹೊತ್ತು ತರಲು ಮತ್ತಷ್ಟು ಎತ್ತು. ಬೀಡು ಬಿಟ್ಟ ಎರಡು ಮೂರು ದಿನಗಳಲ್ಲಿ ಸುತ್ತಲಿನ ಹುಲ್ಲು ಮುಗಿಯುತ್ತಿತ್ತು. ಹುಲ್ಲು ಮುಗಿದ ಮೇಲೆ ಹುಲ್ಲಿನ ಬೇರನ್ನು ಅಗೆದು, ತೊಳೆದು ಕುದುರೆಗಳಿಗೆ ಹಾಕುವುದು ರೂಢಿಯಾಗಿತ್ತು. ಬೇರು ಅಗೆದ ನೆಲ ಮುಂದಿನ ಮಳೆಗೂ ಹಸುರಾಗುವುದಿಲ್ಲ ಎಂಬುದನ್ನು ದನ ಕಾಯುವ ಹುಡುಗನೂ ಬಲ್ಲ. ಮನೆಯ ಮೇಲಿನ ಹುಲ್ಲು ಮೇವಾಯಿತು, ತೊಲೆ, ಬಾಗಿಲು, ನೇಗಿಲು ಸೌದೆಯಾದವು. ಇದಕ್ಕೆ ಕ್ರೌರ್ಯವೇ ಬೇಕಾಗಿರಲಿಲ್ಲ. ಹಸಿವಿನ ಲೆಕ್ಕವೇ ಸಾಕಿತ್ತು.

ಕ್ರೌರ್ಯ ಇರಲಿಲ್ಲವೆಂದಲ್ಲ. ಮರಾಠಾ ಸೈನ್ಯದ ಜೊತೆಯಲ್ಲಿದ್ದ ಪಿಂಡಾರಿಗಳಿಗೆ ಸಂಬಳವಿರಲಿಲ್ಲ. ಸೂರೆಯೇ ಅವರ ಜೀವನ, ಅದರಲ್ಲಿ ಒಂದು ಪಾಲನ್ನು ಮೇಲಿನವರಿಗೆ ಸಲ್ಲಿಸಬೇಕಿತ್ತು. ಸೂರೆಯು ಹೀಗೆ ಸೈನ್ಯದ ಶಿಸ್ತು ತಪ್ಪಿದ್ದರ ಫಲವಾಗಿರಲಿಲ್ಲ, ಅದರ ಹಣಕಾಸಿನ ವ್ಯವಸ್ಥೆಯೇ ಆಗಿತ್ತು. ಮೈಸೂರಿನ ದಂಡಿನಲ್ಲಿಯೂ ಇಂಥ ಸವಾರರಿದ್ದರು. ಕಂಪನಿಯ ಸೈನ್ಯ ದುಡ್ಡು ಕೊಟ್ಟು ಕೊಳ್ಳುತ್ತಿತ್ತು ಎಂಬ ಹೆಗ್ಗಳಿಕೆ ಇಂಗ್ಲಿಷ್ ಬರಹಗಳಲ್ಲಿ ಕಾಣುತ್ತದೆ. ಬೆಂಗಳೂರಿನತ್ತ ಬರುವ ದಾರಿಯಲ್ಲಿ ಹಿಂಬಾಲಕರು ಊರುಗಳಿಗೆ ಬೆಂಕಿಯಿಟ್ಟಾಗ ಕಾರ್ನವಾಲಿಸ್ ಕೆಲವರನ್ನು ಗಲ್ಲಿಗೇರಿಸಿದ್ದು ನಿಜ. ಆದರೆ ಕೊಂಡರೂ ಕಿತ್ತುಕೊಂಡರೂ ಕಾಳು ಊರಿನಿಂದ ಹೋದದ್ದು ಹೋದದ್ದೇ. ಬಿತ್ತನೆಗೆ ಇಟ್ಟ ರಾಗಿಯನ್ನು ವರಹ ಕೊಟ್ಟು ಕೊಂಡವನಿಂದ ರೈತನಿಗೆ ಮುಂದಿನ ಮುಂಗಾರಿನಲ್ಲಿ ಆಗುವ ಲಾಭವೇನು?

ಕಾಲದ ಲೆಕ್ಕವೂ ಮುಖ್ಯ. ಮರಾಠಾ ಪದ್ಧತಿಯಲ್ಲಿ ವಿಜಯದಶಮಿಯ ಸೀಮೋಲ್ಲಂಘನದ ನಂತರ ದಂಡು ಹೊರಡುವುದು ವಾಡಿಕೆ. ಮಳೆ ನಿಂತು, ಹೊಳೆ ಇಳಿದು, ದಾರಿ ಗಟ್ಟಿಯಾಗುವ ಹೊತ್ತು ಅದು. ಬೆಳವಲದಲ್ಲಿ ಹಿಂಗಾರಿಯ ಜೋಳ ಮೊಳೆತು ಮೇಲೇಳುವ ಹೊತ್ತೂ ಅದೇ. ಎಳ್ಳಮವಾಸ್ಯೆಗೆ ರೈತ ಹೊಲದಲ್ಲಿ ಚರಗ ಚೆಲ್ಲುವ ವೇಳೆಗೆ ದಂಡು ನಾಡಿನ ನಡುವೆ ಇರುತ್ತದೆ. ದಕ್ಷಿಣದಲ್ಲಿ ರಾಗಿ ಕೊಯ್ಲು, ಮಲೆನಾಡಿನಲ್ಲಿ ಬತ್ತದ ಕೊಯ್ಲು ಇದೇ ದಿನಗಳಿಗೆ ಬೀಳುತ್ತವೆ. ಬನ್ನಿಯೆಲೆಯನ್ನು ಹಂಚುವ ಆಚರಣೆಯನ್ನು ಮರಾಠಿಯಲ್ಲಿ ‘ಚಿನ್ನ ಲೂಟಿ ಮಾಡುವುದು’ ಎಂಬರ್ಥದ ಮಾತಿನಿಂದ ಕರೆದರೆ ಉತ್ತರ ಕರ್ನಾಟಕದಲ್ಲಿ ‘ಬನ್ನಿ ಬಂಗಾರ’ ಕೊಟ್ಟು ತೆಗೆದುಕೊಂಡು ಬಂಗಾರದಂತೆ ಇರೋಣ ಎನ್ನುತ್ತಾರೆ. ಒಂದೇ ಎಲೆಯ ಸುತ್ತ ಹೊರಡುವವನ ಮಾತು ಒಂದು, ಮನೆಯಲ್ಲಿ ಉಳಿಯುವವನ ಮಾತು ಇನ್ನೊಂದು. ಇದರಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಬೇಕಾಗಿಲ್ಲ. ಬನ್ನಿ ಎರಡೂ ಭಾಷೆಯ ರೈತರಿಗೆ ಸೇರಿದ್ದು.

1791ರ ಮೇ ತಿಂಗಳ ಘಟನೆಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಚನ್ನಪಟ್ಟಣದ ನೇರ ದಾರಿಯಲ್ಲಿ ಟೀಪು ಮೇವು ಕಾಳುಗಳಿಲ್ಲದಂತೆ ಮಾಡಿದ್ದನು. ಕಾರ್ನವಾಲಿಸ್ ದಕ್ಷಿಣಕ್ಕೆ ತಿರುಗಿ ಅಂದಿನ ಕಾನಕಾನಹಳ್ಳಿ, ಇಂದಿನ ಕನಕಪುರದ ದಾರಿ ಹಿಡಿದನು. ವೈರಿಗೆ ಒದಗದಿರಲೆಂದು ಟೀಪುವಿನ ಕಡೆಯವರು ಎರಡು ಬಾರಿ ಹಾಳುಗೆಡವಿದ ಊರದು. ಊರವರನ್ನೂ ದನಗಳನ್ನೂ ಕಾಡು, ಬೆಟ್ಟಗಳಿಗೆ ಅಟ್ಟಿ, ಕಾಳನ್ನು ಸುಟ್ಟು ಬರಿನೆಲವನ್ನು ವೈರಿಯ ಮುಂದಿಡುವ ಈ ತಂತ್ರ ಸೈನಿಕ ದೃಷ್ಟಿಯಿಂದ ಫಲಿಸಿತು. ಅರಕೆರೆಯ ಬಳಿ ಮೇ 15ರಂದು ಗೆದ್ದರೂ ಕಾರ್ನವಾಲಿಸ್ ಒಂದು ವಾರದೊಳಗೆ ಕಣ್ಣಂಬಾಡಿಯ ಹತ್ತಿರ ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆದು ಹಿಂದಿರುಗಬೇಕಾಯಿತು. ಎತ್ತುಗಳು ಮಳೆಗೂ ಹಸಿವಿಗೂ ರೋಗಕ್ಕೂ ಸತ್ತಿದ್ದವು. ಬೀಡಿನ ಸುತ್ತ ಮೈಲಿಗಟ್ಟಲೆ ದನ, ಕುದುರೆಗಳ ಹೆಣ ಬಿದ್ದಿದ್ದವೆಂದು ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಬೀಡಿನಲ್ಲಿ ಸಿಡುಬೂ ಇತ್ತು. ಇತಿಹಾಸ ಗ್ರಂಥಗಳು ಇಲ್ಲಿಂದ ಮೇಲುಕೋಟೆಯ ಬಳಿ ಮರಾಠರ ದಂಡು ಎದುರಾಗಿ ಅದರ ಸಂತೆಯಲ್ಲಿ ದುಬಾರಿ ಬೆಲೆಗೆ ಕಾಳು ಸಿಕ್ಕಿದ ಕಥೆಗೆ ಹೋಗುತ್ತವೆ. ಆ ಸಂತೆಯ ಕಾಳು ಎಲ್ಲಿಂದ ಬಂದಿತ್ತು ಎಂದು ಕೇಳುವ ಅಭ್ಯಾಸ ಅವುಗಳಿಗಿಲ್ಲ.

ತನ್ನ ನೆಲವನ್ನು ತಾನೇ ಸುಟ್ಟ ದೊರೆಯನ್ನು ಆ ನೆಲದ ರೈತ ಹೇಗೆ ಕಂಡನೆಂಬುದು ಕಠಿಣವಾದ ಪ್ರಶ್ನೆ. ಟೀಪುವಿನ ಲಾವಣಿಗಳಲ್ಲಿ ಅದಕ್ಕೆ ಉತ್ತರವಿಲ್ಲ. ಅಲ್ಲಿ ಅವನು ಮೋಸಕ್ಕೆ ಬಲಿಯಾದ ವೀರ. ಇದನ್ನು ಲಾವಣಿಯ ಸುಳ್ಳೆನ್ನುವುದು ಸರಿಯಲ್ಲ. 1799ರ ನಂತರ ಸೋತ ದೊರೆಯ ಸುತ್ತ ಹುಟ್ಟಿದ ಹಾಡಿಗೆ 1791ರ ಬೆಂಕಿಯನ್ನು ನೆನೆಯುವ ಅಗತ್ಯ ಉಳಿದಿರಲಿಲ್ಲ. ಇದೇ ಅಳತೆಯನ್ನು ಇತರರಿಗೂ ಅನ್ವಯಿಸಬೇಕು. 1780ರಲ್ಲಿ ಹೈದರನ ದಂಡು ಮದರಾಸಿನ ಸುತ್ತ ಊರುಗಳನ್ನು ಸುಟ್ಟಾಗ ತಮಿಳು ರೈತ ಅನುಭವಿಸಿದ್ದು ಇದನ್ನೇ. ಕೊಡಗಿನಿಂದ ಶ್ರೀರಂಗಪಟ್ಟಣಕ್ಕೆ ಜನರನ್ನು ಸಾಗಿಸಿದ್ದರ ಸಂಖ್ಯೆಯಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆಯಾದರೂ ಸಂಗತಿಯಲ್ಲಿ ಇಲ್ಲ. 1791ರಲ್ಲಿ ಶೃಂಗೇರಿಯ ಮೇಲೆ ಬಿದ್ದವರು ಪಟವರ್ಧನನ ಕಡೆಯ ಸವಾರರು ಮತ್ತು ಪಿಂಡಾರಿಗಳು. ಮಠ ಸೂರೆಯಾಯಿತು, ಶಾರದೆಯ ವಿಗ್ರಹ ಸ್ಥಾನಪಲ್ಲಟವಾಯಿತು, ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಪುನಃಪ್ರತಿಷ್ಠೆಗೆ ನೆರವು ನೀಡಿದವನು ಟೀಪು. ಈ ಸಂಬಂಧದ ಅವನ ಕನ್ನಡ ಪತ್ರಗಳು ಮಠದಲ್ಲಿದ್ದುದನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಈ ಪತ್ರಗಳನ್ನು ದೊರೆಯ ಧಾರ್ಮಿಕ ನೀತಿಯ ಪರ–ವಿರೋಧದ ವಾದಕ್ಕಾಗಿ ಬಳಸಿದಷ್ಟು, ಮಠದ ಸುತ್ತಲಿನ ಅಗ್ರಹಾರ ಮತ್ತು ಒಕ್ಕಲಿನ ಸ್ಥಿತಿಯನ್ನು ತಿಳಿಯಲು ಬಳಸಿಲ್ಲವೆಂಬುದು ವಿಷಾದದ ಸಂಗತಿ. ಮಠಕ್ಕೆ ಪತ್ರ ಬರೆಯಲು ಸ್ವಾಮಿಗಳಿದ್ದರು. ಪಕ್ಕದ ಹಳ್ಳಿಗೆ ಅಂಥವರಿರಲಿಲ್ಲ.

ಹಗೇವು, ಹುಡೇವು, ಲದಣಿ

ಹಳ್ಳಿ ತೀರ ನಿರುಪಾಯವಾಗಿಯೂ ಇರಲಿಲ್ಲ. ದಂಡಿನೊಡನೆ ತಲೆಮಾರುಗಳ ಪರಿಚಯವಿದ್ದ ಸಮಾಜ ತನ್ನದೇ ಉಪಾಯಗಳನ್ನು ರೂಢಿಸಿಕೊಂಡಿತ್ತು. ಅವುಗಳಲ್ಲಿ ಮೊದಲನೆಯದು ಹಗೇವು. ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿ, ಒಳಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ ಮೇಲೆ ನಡೆದುಹೋಗುವವನಿಗೆ ಗುರುತು ಸಿಗುವುದಿಲ್ಲ. ರಾಗಿ ಹಗೇವಿನಲ್ಲಿ ದಶಕಗಳ ಕಾಲ ಕೆಡದೆ ಉಳಿಯುತ್ತದೆ. ಹಳೆಯ ಹಗೇವಿಗೆ ಇಳಿಯುವ ಮುನ್ನ ಕೆಟ್ಟ ಗಾಳಿಯಿದೆಯೇ ಎಂದು ದೀಪವನ್ನು ಇಳಿಬಿಟ್ಟು ನೋಡುತ್ತಾರೆ. ಕೃಷಿ ವಿವರಣೆಗಳಲ್ಲಿ ಹಗೇವನ್ನು ಬರಗಾಲದ ಆಪದ್ಧನವೆಂದು ಹೇಳುವುದು ವಾಡಿಕೆ. ಹುಳು, ಇಲಿಗಳಿಂದ ರಕ್ಷಣೆ ಎಂಬುದೂ ಸರಿ. ಆದರೆ ಕಣಜ, ಗುಡಾಣಗಳಿದ್ದೂ ಕಾಳನ್ನು ನೆಲದ ಕೆಳಗೆ ಹುಗಿದಿಡುವ ಶ್ರಮವನ್ನು ಇಲಿಯೊಂದರಿಂದಲೇ ವಿವರಿಸಲಾಗದು. ಕುದುರೆಯ ಮೇಲಿನವನ ಕಣ್ಣಿಗೆ ಬೀಳದಿರುವುದು ಅದರ ಒಂದು ಗುಣ. ಇದನ್ನು ದಂಡಿನವರೂ ಬಲ್ಲವರಾಗಿದ್ದರು: ಭರ್ಜಿಯಿಂದ ನೆಲವನ್ನು ಚುಚ್ಚಿ ನೋಡುವುದು, ನೀರು ಸುರಿದು ಎಲ್ಲಿ ಬೇಗ ಇಂಗುತ್ತದೆಂದು ಕಾಯುವುದು ಅವರ ಉಪಾಯಗಳು. ಅದೂ ಫಲಿಸದಿದ್ದರೆ ಹಗೇವು ಎಲ್ಲಿದೆಯೆಂದು ಬಲ್ಲ ಮನುಷ್ಯನನ್ನು ಹಿಡಿಯುವುದೊಂದೇ ದಾರಿ. ಗೌಡ, ಶಾನುಭೋಗ, ತಳವಾರರ ಮೇಲೆ ಮೊದಲ ಏಟು ಬೀಳುತ್ತಿದ್ದುದಕ್ಕೆ ಅವರ ಸ್ಥಾನಮಾನವಷ್ಟೇ ಕಾರಣವಲ್ಲ. ಊರಿನ ಗುಟ್ಟು ಅವರ ಬಳಿ ಇತ್ತು.

ಎರಡನೆಯದು ಊರಿನ ಕೋಟೆ. ಉತ್ತರ ಕರ್ನಾಟಕದ ಹಳ್ಳಿಗಳ ನಡುವೆ ಇಂದಿಗೂ ನಿಂತಿರುವ ಹುಡೇವುಗಳು, ದಕ್ಷಿಣದ ಮಣ್ಣುಗೋಡೆ ಮತ್ತು ಕಳ್ಳಿಯ ಬೇಲಿಗಳು ದೊಡ್ಡ ಸೈನ್ಯವನ್ನು ತಡೆಯಲು ಕಟ್ಟಿದವಲ್ಲ, ತಡೆಯಲೂ ಆರವು. ಐವತ್ತು ಸವಾರರ ಗುಂಪೊಂದು ಬಂದಾಗ ಹೆಂಗಸರು, ಮಕ್ಕಳು, ದನಗಳು ಒಳಸೇರಿ ಒಂದು ರಾತ್ರಿ ಕಳೆಯುವಷ್ಟು ರಕ್ಷಣೆ ಅವುಗಳ ಉದ್ದೇಶ. ‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ’ ಎಂಬ ಗಾದೆ ಅರಮನೆಯ ಅನುಭವವಲ್ಲ. ದಿಡ್ಡಿ ಎಂದರೆ ಊರ ಕೋಟೆಯ ಕಿರುಬಾಗಿಲು. ಅದನ್ನು ಹೊತ್ತಿಗೆ ಮುಚ್ಚುವುದು ಯಾರ ಕೆಲಸವೆಂಬುದು ಊರಿನ ಜಗಳ.

ಮೂರನೆಯ ಅಂಶ ಲಂಬಾಣಿಗಳದು. ಲದಣಿ ಎಂದು ಅವರೇ ಕರೆಯುವ ಹೇರೆತ್ತಿನ ಸಾಗಾಣಿಕೆ ಎಲ್ಲ ಸೈನ್ಯಗಳಿಗೂ ಅನಿವಾರ್ಯವಾಗಿತ್ತು. ಕಂಪನಿಯ ಕಡೆಯಿಂದ ಅಲೆಕ್ಸಾಂಡರ್ ರೀಡ್ 1791ರಲ್ಲಿ ಬಂಜಾರರನ್ನು ಒಗ್ಗೂಡಿಸಿದ ಮೇಲೆಯೇ ಕಾರ್ನವಾಲಿಸನಿಗೆ ಎರಡನೆಯ ಬಾರಿ ಶ್ರೀರಂಗಪಟ್ಟಣದತ್ತ ನಡೆಯುವುದು ಸಾಧ್ಯವಾಯಿತು. ರೈತನ ಕಣ್ಣಿನಲ್ಲಿ ಈ ಸಮುದಾಯ ದಂಡಿನ ಜೊತೆಗಾರನಾಗಿ ಉಳಿಯಿತು. ಕಾಳನ್ನು ಕೊಂಡವರು ಯಾರು, ಕದ್ದದ್ದನ್ನು ಹೊತ್ತವರು ಯಾರು ಎಂಬ ಭೇದ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆ, ರೈಲುಗಳು ಲದಣಿಯನ್ನು ಮುಗಿಸಿದ ಮೇಲೆ ಅವರನ್ನು ಅಪರಾಧಿ ಬುಡಕಟ್ಟೆಂದು ಗುರುತಿಸುವುದು ವಸಾಹತು ಆಡಳಿತಕ್ಕೆ ಸುಲಭವಾದದ್ದರ ಹಿಂದೆ ಈ ಹಳೆಯ ಅನುಮಾನದ ಪಾಲೂ ಇದ್ದಿರಬೇಕು. ಲಂಬಾಣಿ ಹಾಡುಗಳಲ್ಲಿ ಲದಣಿಯ ನೆನಪು ಹೆಮ್ಮೆಯದು. ಅದೇ ದಾರಿಯ ಬಗೆಗಿನ ಎರಡು ನೆನಪುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸ ಇನ್ನೂ ಆಗಬೇಕಾಗಿದೆ.

ಡೋಗಿ ಬರ

ವಿರೋಧಿಕೃತ್ ಸಂವತ್ಸರದ, ಎಂದರೆ 1791–92ರ ಬರವನ್ನು ಉತ್ತರ ಕರ್ನಾಟಕ ‘ಡೋಗಿ ಬರ’ ಎಂಬ ಹೆಸರಿನಿಂದ ನೆನಪಿಟ್ಟುಕೊಂಡಿತು. ಕೆಲವೆಡೆ ಇದು ‘ಡೋಜಿ’ ಎಂದೂ ಬರೆಯಲ್ಪಟ್ಟಿದೆ. ತಲೆಬುರುಡೆಗಳ ಬರವೆಂದು ಮುಂಬಯಿ ಪ್ರಾಂತದ ಗ್ಯಾಸೆಟಿಯರುಗಳು ಇದಕ್ಕೆ ಅರ್ಥ ಕೊಡುತ್ತವೆ: ಸುಡುವವರು, ಹೂಳುವವರು ಇಲ್ಲದೆ ತಲೆಬುರುಡೆಗಳು ಬಯಲಿನಲ್ಲಿ ಬಿದ್ದಿದ್ದ ಕಾಲ. ಧಾರವಾಡದ ಗ್ಯಾಸೆಟಿಯರು ಇನ್ನೂ ಸ್ಪಷ್ಟವಾಗಿದೆ. ಪರಶುರಾಮ ಭಾವೂನ ದಂಡು ಮೈಸೂರಿನತ್ತ ಹೋಗುವಾಗ ನಾಡನ್ನು ಎಷ್ಟು ಹಾಳುಮಾಡಿತೆಂದರೆ, ಗೆದ್ದು ಹಿಂದಿರುಗುವಾಗ ಅದೇ ದಾರಿಯಲ್ಲಿ ಆ ದಂಡೇ ಉಣ್ಣಲಿಲ್ಲದೆ ಸಾಯುವ ಸ್ಥಿತಿಗೆ ಬಂದಿತು. ಹುಬ್ಬಳ್ಳಿ, ಡಂಬಳ, ಕಲಘಟಗಿ ಭಾಗಗಳಲ್ಲಿ ಜನ ಸೊಪ್ಪು, ಕಾಡುಹಣ್ಣು ತಿಂದು ಬದುಕಿದರು. ಹೆಂಗಸರು, ಮಕ್ಕಳು ಮಾರಾಟವಾದರು.

ಈ ಬರಕ್ಕೆ ದಂಡೊಂದೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. 1789ರಿಂದ 1793ರವರೆಗಿನ ಪ್ರಬಲ ಎಲ್ ನಿನೋ ಅವಧಿಯಲ್ಲಿ ದಕ್ಷಿಣ ಭಾರತದ ಹಲವೆಡೆ ಮಳೆ ಸೋತಿತ್ತೆಂಬುದನ್ನು ಹವಾಮಾನದ ಇತಿಹಾಸಕಾರರು ತೋರಿಸಿದ್ದಾರೆ. ದಂಡು ಕಾಲಿಡದ ಸೀಮೆಗಳಲ್ಲಿಯೂ ಆಗ ಜನ ಸತ್ತರು. ಆದರೆ ಮಳೆ ಹೋದ ವರ್ಷವನ್ನು ದಾಟಲೆಂದೇ ಹಳ್ಳಿ ಹಗೇವನ್ನು ಇಟ್ಟುಕೊಂಡಿರುತ್ತದೆ, ಎತ್ತನ್ನು ಉಳಿಸಿಕೊಂಡಿರುತ್ತದೆ. ದಂಡು ತಿಂದದ್ದು ಆ ವರ್ಷದ ಬೆಳೆಯನ್ನು ಮಾತ್ರವಲ್ಲ, ಮುಂದಿನ ಬರಕ್ಕೆಂದು ಕೂಡಿಟ್ಟಿದ್ದನ್ನು. ಮಳೆ ಬಂದ ಮೇಲೂ ಹೂಡಲು ಎತ್ತಿಲ್ಲ, ಬಿತ್ತಲು ಬೀಜವಿಲ್ಲ. ಯುದ್ಧ ಮುಗಿದಾಗ ಟೀಪು ಕೊಡಬೇಕಾಗಿ ಬಂದ 3 ಕೋಟಿ 30 ಲಕ್ಷ ರೂಪಾಯಿಯ ಒಂದು ಪಾಲು ಕೂಡ ಕೊನೆಗೆ ಪ್ರಜೆಗಳ ಮೇಲೆಯೇ ಬಿದ್ದಿತು.

ಎಂಟು ವರ್ಷಗಳ ನಂತರ, 1800–01ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ನಾಡಿನಲ್ಲಿ ಸುತ್ತಿದಾಗ ಪಾಳುಬಿದ್ದ ಮನೆಗಳು, ಬೀಳುಬಿದ್ದ ಹೊಲಗಳು ಅವನ ದಿನಚರಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಯಾವಾಗಿನಿಂದ ಹೀಗೆ ಎಂದು ಕೇಳಿದಾಗ ರೈತರು ಕೊಡುವ ಉತ್ತರ ಹಲವೆಡೆ ಒಂದೇ: ಪರಶುರಾಮ ಭಾವೂ ಬಂದ ವರ್ಷದಿಂದ. ಬುಕಾನನ್ ಕಂಪನಿಯ ನೌಕರ. ಮರಾಠರ ಮೇಲೂ ಟೀಪುವಿನ ಮೇಲೂ ತಪ್ಪು ಹೊರಿಸುವುದು ಅವನಿಗೆ ಅನುಕೂಲವೇ ಆಗಿತ್ತು. ಕಾರ್ನವಾಲಿಸನ ಸೈನ್ಯ ಏನು ತಿಂದಿತೆಂದು ಅವನಿಗೆ ಹೇಳುವ ಧೈರ್ಯ ರೈತನಿಗೆ ಇದ್ದಿರಲಾರದು. ಇಷ್ಟನ್ನು ಕಳೆದ ಮೇಲೂ ಉಳಿಯುವ ಒಂದು ಅಂಶವಿದೆ. ಆ ರೈತರು ಕಾಲವನ್ನು ದೊರೆಯ ಆಳ್ವಿಕೆಯಿಂದಾಗಲಿ ಶಕವರ್ಷದಿಂದಾಗಲಿ ಎಣಿಸದೆ ದಂಡು ಬಂದ ವರ್ಷದಿಂದ ಎಣಿಸುತ್ತಿದ್ದರು.

ಇದೇ ಕಾಲದ ಕೈಫಿಯತ್ತುಗಳನ್ನು ಹೋಲಿಸಿ ನೋಡಬಹುದು. ಕಾಲಿನ್ ಮೆಕೆಂಜಿ ಈ ಯುದ್ಧದಲ್ಲಿ ತಾನೇ ಎಂಜಿನಿಯರಾಗಿ ದುಡಿದವನು. ಮುಂದೆ ಅವನು ಊರೂರಿನಿಂದ ಬರೆಸಿ ಸಂಗ್ರಹಿಸಿದ ಸ್ಥಳವೃತ್ತಾಂತಗಳಲ್ಲಿ ಕನ್ನಡದವು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಪ್ರಕಟವಾಗಿವೆ. ಇವುಗಳನ್ನು ಬರೆದವರು ಬಹುಪಾಲು ಶಾನುಭೋಗರು, ಕರಣಿಕರು. ಊರು ಹುಟ್ಟಿದ್ದು, ದೇವರು ನೆಲೆಸಿದ್ದು, ಯಾವ ದೊರೆಯ ನಂತರ ಯಾವ ದೊರೆ, ಯಾರಿಗೆ ಯಾವ ಇನಾಮು ಎಂಬುದರಲ್ಲಿ ಅವರ ಆಸಕ್ತಿ. ಹೊಸ ಆಡಳಿತದ ಮುಂದೆ ಹಕ್ಕನ್ನು ಸ್ಥಾಪಿಸಬೇಕಾದ ಬರಹದಲ್ಲಿ ಇದು ಸಹಜವೇ. ಹಸಿವಿಗೆ ಇನಾಮು ಇಲ್ಲವಾದ್ದರಿಂದ ಅದಕ್ಕೆ ಕೈಫಿಯತ್ತಿನಲ್ಲಿ ಸಾಲು ಸಿಕ್ಕುವುದು ಅಪರೂಪ.

ನೆನಪಿನ ನೆಲೆಗಳು

ಬಂಗಾಳದಲ್ಲಿ 1740ರ ದಶಕದ ಮರಾಠಾ ದಾಳಿಗಳ ನೆನಪು ಒಂದು ಜೋಗುಳದಲ್ಲಿ ಉಳಿದಿರುವುದು ಪ್ರಸಿದ್ಧ. ಗಂಗಾರಾಮನ ‘ಮಹಾರಾಷ್ಟ್ರ ಪುರಾಣ’ವೂ ಅದೇ ದಾಳಿಯ ಕುರಿತದ್ದು. ಅಷ್ಟು ಹೆಸರಾದ ಒಂದು ಹಾಡು ಕನ್ನಡದಲ್ಲಿಲ್ಲ. ಬೀಸುವ ಪದಗಳಲ್ಲಿ ದಂಡು ಬರುವುದು ಅಣ್ಣನೋ ಗಂಡನೋ ಹೋದ ದೂರದ ಜಾಗವಾಗಿ. ಅದು ಬಾಗಿಲಿಗೆ ಬಂದ ಬಗೆ ವಿರಳ. ಇದಕ್ಕೆ ಒಂದು ಕಾರಣ ನೆನಪುಗಳ ಪದರ. 1876–78ರ ಧಾತು ಸಂವತ್ಸರದ ಬರ ಹಳೆಯ ಬರಗಳ ನೆನಪಿನ ಮೇಲೆ ಹೊದಿಕೆಯಂತೆ ಬಿದ್ದಿತು. ಹಿರಿಯರು ಹೇಳಿದ ಬರದ ಕಥೆಗಳಲ್ಲಿ ಯಾವುದು ಧಾತು ವರ್ಷದ್ದು, ಯಾವುದು ಅದಕ್ಕೂ ಹಿಂದಿನದು ಎಂದು ಬಿಡಿಸುವುದು ಇಂದು ಸುಲಭವಲ್ಲ.

ಹಾಡಿನಲ್ಲಿ ಇಲ್ಲದ್ದು ದೇವತೆಯಲ್ಲಿ ಇದೆ. ಮಧುಗಿರಿಯ ದಂಡಿನ ಮಾರಮ್ಮ ಹೆಸರಾದವಳು. ಅದೇ ಹೆಸರಿನ ಗುಡಿಗಳು ದಕ್ಷಿಣ ಕರ್ನಾಟಕದ ಇತರೆಡೆಗಳಲ್ಲಿಯೂ ಇವೆ. ಮಾರಿ ಸಿಡುಬಿನಂಥ ರೋಗಗಳ ಒಡತಿ. ದಂಡು ಬಂದಲ್ಲಿಗೆ ರೋಗ ಬರುತ್ತದೆಂಬುದು ಹಳ್ಳಿಯ ಅನುಭವ, 1791ರ ಬೀಡಿನ ಸಿಡುಬು ಅದಕ್ಕೆ ಹೊರಗಿನ ಸಾಕ್ಷ್ಯ. ದಂಡು ಮತ್ತು ಮಾರಿ ಎಂಬೆರಡು ಪದಗಳು ಒಬ್ಬ ತಾಯಿಯ ಹೆಸರಿನಲ್ಲಿ ಕೂಡಿರುವುದನ್ನು ಕಾಕತಾಳೀಯವೆಂದು ಬಿಡಲಾಗದು. ಆದರೂ ಎಚ್ಚರ ಬೇಕು. ‘ದಂಡು’ ಎಂದರೆ ನೆಲೆನಿಂತ ಸೈನಿಕ ಠಾಣ್ಯವೂ ಹೌದು, ಬೆಂಗಳೂರಿನ ಒಂದು ಭಾಗಕ್ಕೆ ಅದೇ ಹೆಸರು. ಠಾಣ್ಯದವರೇ ಪೂಜಿಸಿದ ಮಾರಮ್ಮನೂ ಇರಬಹುದು, ಠಾಣ್ಯದಿಂದ ಊರನ್ನು ಕಾಯಲೆಂದು ನಿಂತವಳೂ ಇರಬಹುದು. ಒಂದೊಂದು ಗುಡಿಯ ಐತಿಹ್ಯವನ್ನೂ ಬೇರೆಯಾಗಿಯೇ ಪರಿಶೀಲಿಸಬೇಕು.

ಗಾದೆಗಳಲ್ಲಿ ‘ಹಾಳೂರಿಗೆ ಉಳಿದವನೇ ಗೌಡ’ ಎಂಬುದು ಇಂದು ಅಯೋಗ್ಯನಿಗೆ ಸಿಕ್ಕ ಅಧಿಕಾರದ ಬಗೆಗಿನ ಹಾಸ್ಯವಾಗಿ ಬಳಕೆಯಾಗುತ್ತದೆ. ಬುಕಾನನ್ ಕಂಡ ನಾಡಿನಲ್ಲಿ ಅದನ್ನು ಹಾಸ್ಯವಿಲ್ಲದೆಯೂ ಆಡಬಹುದಾಗಿತ್ತು. ಊರು ಬಿಟ್ಟುಹೋದವರಲ್ಲಿ ಮೊದಲು ಮರಳಿ ಬಂದವನ ಹೆಸರಿಗೆ ಪಟ್ಟಾ. ಕಂದಾಯ ಕೇಳಲು ಬಂದ ಅಮಲ್ದಾರನಿಗೆ ಕೈಗೆ ಸಿಕ್ಕವನೇ ಜವಾಬುದಾರ. ಗೌಡಿಕೆ ಆಗ ಪದವಿಯಾಗಿರಲಿಲ್ಲ, ತಲೆಯ ಮೇಲೆ ಬಿದ್ದ ಬಾಕಿಯಾಗಿತ್ತು. ಗಾದೆ ಇದೇ ಯುದ್ಧದಿಂದ ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಹಾಳೂರುಗಳಿಲ್ಲದ ನಾಡಿನಲ್ಲಿ ಮಾತ್ರ ಅಂಥ ಗಾದೆ ಹುಟ್ಟಲಾರದು.

ಕೊನೆಯದಾಗಿ ಕಂದಾಯದ ಕಡತದ ಪದ. ಗಡಿ, ಹೆಸರು, ಸರ್ವೆ ನಂಬರುಗಳಿದ್ದು ಜನವಸತಿಯಿಲ್ಲದ ಗ್ರಾಮವನ್ನು ‘ಬೇಚಿರಾಕ್’ ಎಂದು ದಾಖಲಿಸುವುದು ಇಂದಿಗೂ ಇದೆ. ಪಾರಸಿಯ ಈ ಮಾತಿನ ಅರ್ಥ ದೀಪವಿಲ್ಲದ್ದು ಎಂದು. ಕರ್ನಾಟಕದ ಎಲ್ಲ ಬೇಚಿರಾಕ್ ಗ್ರಾಮಗಳನ್ನೂ ದಂಡಿನ ಲೆಕ್ಕಕ್ಕೆ ಸೇರಿಸುವಂತಿಲ್ಲ. ಪ್ಲೇಗು, ಕಾಲರಾ, ಕೆರೆ ಒಡೆದದ್ದು, ಬಾವಿ ಬತ್ತಿದ್ದು, ಹುಲಿಯ ಕಾಟ, ಮನೆತನಗಳ ವೈರ, ಇತ್ತೀಚೆಗೆ ಅಣೆಕಟ್ಟುಗಳ ಮುಳುಗಡೆ ಹೀಗೆ ಕಾರಣಗಳು ಹಲವು. ಯಾವ ಊರು ಯಾವಾಗ ಆರಿತೆಂಬುದನ್ನು ತಿಳಿಯಲು ಕಡತವೊಂದೇ ಸಾಲದು. ಅಂಥ ಊರಿನ ಹನುಮಪ್ಪನೋ ಬಸವಣ್ಣನೋ ಗ್ರಾಮದೇವತೆಯೋ ಅನೇಕ ಕಡೆ ಅಲ್ಲಿಯೇ ಉಳಿದಿರುತ್ತದೆ. ವರ್ಷಕ್ಕೊಮ್ಮೆ ಸುತ್ತಲಿನ ಊರುಗಳಲ್ಲಿ ಹಂಚಿಹೋದ ಮನೆತನಗಳವರು ಬಂದು ಪೂಜೆ ಮಾಡಿ ಹೋಗುತ್ತಾರೆ. ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಅಡ್ಡಹೆಸರಾಗುವ ರೂಢಿಯಿಂದ ಇಲ್ಲದ ಊರಿನ ಹೆಸರು ಇರುವ ಮನುಷ್ಯರ ಜೊತೆಗೆ ಉಳಿದುಬಂದ ಉದಾಹರಣೆಗಳೂ ಸಿಗುತ್ತವೆ. ಹಳೆಯ ದಂಡಿನ ದಾರಿಗಳ ನಕ್ಷೆಯ ಮೇಲೆ ಬೇಚಿರಾಕ್ ಗ್ರಾಮಗಳ ಪಟ್ಟಿಯನ್ನೂ, ಅವುಗಳ ದೇವರ ಪೂಜೆಗೆ ಬರುವ ಮನೆತನಗಳು ಹೇಳುವ ಐತಿಹ್ಯಗಳನ್ನೂ ಇಟ್ಟು ನೋಡುವ ಕ್ಷೇತ್ರಕಾರ್ಯವನ್ನು ಕೃಷ್ಣೆಯಿಂದ ಧಾರವಾಡದವರೆಗಿನ ಒಂದು ದಾರಿಯಿಂದಲಾದರೂ ಆರಂಭಿಸಬಹುದು. ಪೂಜೆಗೆ ಬರುವ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.